ಡಬ್ಬಿಯ ಬೆನ್ನು

ಡಬ್ಬಿಯ ಮುಖವನ್ನು ನಾನು ಓದುವುದಿಲ್ಲ.
ಮುಖದಲ್ಲಿ ಎಲ್ಲವೂ ಚಿನ್ನ, ಎಲ್ಲದಕ್ಕೂ ಒಂದು ಓಡುವ ಕುದುರೆ.
ಹೊಸಂಗಡಿಯ ಈ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವಳು
ಕೂಸನ್ನು ಬೋರಲು ಮಲಗಿಸಿ
ಬೆವರುಸಾಲೆ ಎದ್ದಿದೆಯೋ ಎಂದು ನೋಡುವ ಹಾಗೆ
ಬೆನ್ನು ನೋಡುತ್ತೇನೆ.

ಇವತ್ತು ಬಂದದ್ದು ಕುಂಞಾಮು, ದಿಬ್ಬಣದ ಕಾರಿನವನು.
ಬಿಳಿ ಬೆಂಜ್. ಕೊಚ್ಚಿಯ ಯಾವುದೋ ಡಾಕ್ಟರ ಕೈ ದಾಟಿ ಬಂದದ್ದು,
ಹಳತಾದರೂ ಬಾನೆಟ್ಟಿಗೆ ಮಲ್ಲಿಗೆ ಸುತ್ತಿದರೆ
ಕುಂಬಳೆಯಿಂದ ತಲಪಾಡಿವರೆಗೆ ಅದಕ್ಕೆ ಜೋಡಿಯಿಲ್ಲ.
ಕೈಯಲ್ಲಿ ಐತಪ್ಪ ಮೇಸ್ತ್ರಿ ಬರೆದ ಚೀಟಿ,
ಶಾಯಿಗಿಂತ ಗ್ರೀಸು ಜಾಸ್ತಿ:
ಆರೂವರೆ ಲೀಟರು. ಐದು ಡಬ್ಲ್ಯೂ ಮೂವತ್ತು.
ಇನ್ನೂರ ಇಪ್ಪತ್ತೊಂಬತ್ತು ಪಾಯಿಂಟ್ ಐದು ಒಂದು.
ಅಡಿಗೆ ಎರಡು ಗೆರೆ ಎಳೆದು: ಬೆನ್ನು ನೋಡಿ ಕೊಡಿ.

"ಡಬ್ಲ್ಯೂ ಅಂದ್ರೆ ಎಂತ ಅಕ್ಕ?"
ಚಳಿಗಾಲ, ಎಂದೆ.
ನಕ್ಕ. ಅಂಗಿ ಬೆವರಿಗೆ ಅಂಟಿತ್ತು,
ಫ್ಯಾನು ಇದ್ದ ಬಿಸಿಯನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತಿತ್ತು.
"ನಮ್ಮಲ್ಲಿ ಇಲ್ಲದ್ದಕ್ಕೂ ದುಡ್ಡು ಕೊಡ್ಬೇಕಾ?"

ಎರಡು ಡಬ್ಬಿ ಎದುರಿಗಿಟ್ಟೆ.
ನಂಬರು ಒಂದೇ. ನಡುವೆ ಸಾವಿರದ ನೂರು ರೂಪಾಯಿ.
ಒಂದರ ಬೆನ್ನು ಹೇಳುತ್ತದೆ: ಈ ನಂಬರಿಗೆ ತಕ್ಕಂತಿದೆ.
ಇನ್ನೊಂದು: ಕಾರು ಮಾಡಿದವರ ಒಪ್ಪಿಗೆ ಪಡೆದಿದೆ.
"ಎರಡೂ ಒಂದೇ ಅಲ್ವಾ? ಎಣ್ಣೆ ಎಣ್ಣೆಯೇ."

ಅಜ್ಜಿ ತೆಂಗಿನೆಣ್ಣೆಯ ತೊಟ್ಟನ್ನು ಅಂಗೈಗೆ ತಿಕ್ಕಿ ಮೂಸಿ
ಯಾವ ಗಾಣದ್ದೆಂದು ಹೇಳುತ್ತಿದ್ದಳು.
ಇದಕ್ಕೆ ಮೂಗು ಸಾಲದು. ಹೊಸತರಲ್ಲಿ ಎಲ್ಲವೂ ಜೇನು.
ಹತ್ತು ಸಾವಿರ ಕಿಲೋಮೀಟರಿನ ಮೇಲೆ ಬಾಯಿ ಬಿಡುತ್ತದೆ,
ಆಗ ಕೇಳಿ ಪ್ರಯೋಜನವಿಲ್ಲ.
ಬೂದಿ ಜಾಸ್ತಿಯಾದರೆ ಹೊಗೆಕೊಳವೆಯ ಸಣ್ಣ ಜರಡಿಯಲ್ಲಿ ಕೂರುತ್ತದೆ,
ಕೂತದ್ದು ಏಳುವುದಿಲ್ಲ.
ಒಂದು ಮುಹೂರ್ತದ ಹೊತ್ತಿಗೆ, ಮದುಮಗಳು ಒಳಗಿರುವಾಗ,
ಶಿರಿಯದ ಸೇತುವೆ ಮೇಲೆ ಕಾರು ಉಸಿರು ಕಟ್ಟಿ ನಿಲ್ಲುತ್ತದೆ.

ಎಲ್ಲೋ ಜರ್ಮನಿಯ ಮುಚ್ಚಿದ ಕೋಣೆಯಲ್ಲಿ
ಎಂಜಿನ್ ಒಂದನ್ನು ಕಾರಿಲ್ಲದೆ, ದಾರಿಯಿಲ್ಲದೆ
ವಾರಗಟ್ಟಲೆ ಓಡಿಸಿ,
ಬಿಚ್ಚಿ, ಸವೆದದ್ದನ್ನು ಅಳೆದು
ಯಾರೋ ಸಹಿ ಹಾಕಿದ್ದಾರೆ ಕುಂಞಾಮು.
ಆ ಸಹಿಗೆ ಸಾವಿರದ ನೂರು.

ಇಷ್ಟು ಹೇಳಿದವಳಿಗೆ ನಾಲಿಗೆ ತಡೆಯಿತು.

ನನಗೂ ಒಮ್ಮೆ ಬೇಕಾಗಿತ್ತು,
ಕನ್ನಡ ಬರುತ್ತದೆ ಎಂದು ಒಂದು ಕಾಗದ, ಶಾಲೆಯ ಕೆಲಸಕ್ಕೆ.
ಮೇಜಿನಾಚೆಯವರು ಮಲಯಾಳದಲ್ಲಿ ಕೇಳಿದರು,
ಕನ್ನಡದಲ್ಲಿ ಉತ್ತರ ಕೊಟ್ಟೆ, ಒಂದು ಒತ್ತಕ್ಷರ ತಪ್ಪದೆ.
"ಬರುತ್ತದೆ, ಸರಿ. ಸೀಲು ಎಲ್ಲಿ?"
ಸೀಲು ಬರುವಷ್ಟರಲ್ಲಿ ಕೆಲಸಕ್ಕೆ ಬೇರೆ ಹೆಸರು ಬಂದಿತ್ತು.
ತಕ್ಕಂತೆ ಇದ್ದೆ ನಾನು. ಅಷ್ಟೇ.

ಈ ಅಗ್ಗದ ಎಣ್ಣೆಯೂ ಒಳ್ಳೆಯದೇ ಇರಬಹುದು.
ಆ ಕೋಣೆಯ ಖರ್ಚಿಗೆ ಗಂಟು ಸಾಲದೆ
ಬಾಗಿಲಾಚೆಯೇ ನಿಂತಿರಬಹುದು.
ಸುಳ್ಳು ಹೇಳುತ್ತಿರಲೂಬಹುದು.
ಬೆನ್ನಿನ ಮೇಲೆ ಎರಡಕ್ಕೂ ಒಂದೇ ಅಕ್ಷರ.
"ಇರಬಹುದು" ಎಂಬುದನ್ನು
ಎಂಜಿನ್ನಿಗೆ ಸುರಿಯಲಿಕ್ಕಾಗುವುದಿಲ್ಲ.

ಕುಂಞಾಮು ಎರಡನ್ನೂ ಎತ್ತಿ ನೋಡಿದ, ತೂಕ ತಿಳಿಯುವವನ ಹಾಗೆ.
"ನಿಮ್ಮದಾದ್ರೆ ಯಾವ್ದು ಹಾಕ್ತೀರಿ?"
ನನ್ನದು ಸ್ಕೂಟರು, ಎಂದೆ.
ದುಬಾರಿಯದನ್ನೇ ಕೊಂಡ.
ನೂರೈವತ್ತು ಕಡಿಮೆ ಮಾಡಿಸಿ, ಮೇಲಿಂದ ಒಂದು ಆಲಿಕೆ ಕೇಳಿ,
ಶನಿವಾರ ಮಂಜೇಶ್ವರದಲ್ಲಿ ಮದುವೆ ಉಂಟು ಎಂದು ಹೊರಟ.

ಉಳಿದ ಡಬ್ಬಿ ಕೌಂಟರಿನ ಮೇಲೆ ಬೆನ್ನು ತೋರಿಸಿ ನಿಂತಿತ್ತು.
ಸೆರಗಿನಿಂದ ಧೂಳು ಒರೆಸಿದೆ.
ಹಿಂದಿನ ಸಾಲಿಗೆ ಇಡಹೋದವಳು
ಯಾಕೋ, ಮುಂದೆಯೇ ಇಟ್ಟೆ.