ಹಿಂದುಮುಂದು

ಶೋಪ್ರೊನ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹದಿನೆಂಟು ವರ್ಷದ ಹಿಂದೆ ಆ ಕಡತದ ನಕ್ಷೆ ಬರೆದವಳು ನಾನೇ.
ಡಬ್ಬಿಯೊಳಗೆ ಡಬ್ಬಿ, ಒಂದೊಂದಕ್ಕೂ ಚೀಟಿ.
ರೋಗಿಯ ಪೆಟ್ಟಿಗೆಯಲ್ಲಿ ಮಾತ್ರ ಎರಡಕ್ಕೂ ಒಂದೇ:
ಹೆಸರು. ಹೆಸರು.

ಮನೆತನ ಮುಂದೆ, ಕೂಸಿಗಿಟ್ಟದ್ದು ಹಿಂದೆ,
ಹಂಗೇರಿಯಲ್ಲಿ ಹುಟ್ಟಿದವರಿಗೆ ಇದನ್ನು
ಹೇಳಿಕೊಡಬೇಕೆ?
ಹೇಳಲಿಲ್ಲ.
ಸಾಲೇ ಸಾಕ್ಷಿ ಅಂದುಕೊಂಡೆ.

ಕಳೆದ ಮಾಗಿಯಲ್ಲಿ ರಕ್ತಪರೀಕ್ಷೆ ವಿಯೆನ್ನಾಕ್ಕೆ ಹೋಯಿತು,
ಎಪ್ಪತ್ತು ಕಿಲೋಮೀಟರ್ ಅಷ್ಟೆ.
ಅಲ್ಲಿನ ಯಂತ್ರ ಸಭ್ಯಸ್ಥ,
ತನ್ನೂರಿನ ವಾಡಿಕೆಯಂತೆ ಓದಿಕೊಂಡಿತು:
ಕೆಲೆಮೆನ್ ಮಾರ್ಟೊನ್ ಹೋಗಿ
ಮಾರ್ಟೊನ್ ಕೆಲೆಮೆನ್ ಬಂದ.
ಎರಡೂ ಹೆಸರು ಎರಡು ಕಡೆಯೂ ಸಲ್ಲುವಂಥವು,
ಯಾರ ಹುಬ್ಬೂ ಏರಲಿಲ್ಲ.
ಅದೇ ವಾರ್ಡಿನ ಕಿಟಕಿಯ ಪಕ್ಕ
ನಿಜವಾದ ಮಾರ್ಟೊನ್ ಕೆಲೆಮೆನ್ ಒಬ್ಬ
ಎದೆನೋವಿನಿಂದ ಮಲಗಿದ್ದನ್ನು ಬಿಟ್ಟರೆ.

ಬಡಗಿ ಸೂಜಿ ಕಂಡು ಕೈ ಹಿಂದೆಳೆದುಕೊಂಡನಂತೆ:
“ಕೆಲೆಮೆನ್ ಅಂದರೆ ನನ್ನಜ್ಜ, ನನ್ನಪ್ಪ, ನಮ್ಮ ಮನೆಯ ನಾಯಿ ಕೂಡ.
ನನ್ನನ್ನು ಕರೆಯುವುದಾದರೆ ಮಾರ್ಟೊನ್ ಅನ್ನಿ.”

ಬೊಗ್ಲಾರ್ಕಾ ಹೊಸಬಳು, ಇಪ್ಪತ್ತಾರು ವಯಸ್ಸು,
ಮೇಜಿನ ಮೇಲೆ ಗುಂಡಿಗಳ ಡಬ್ಬಿ ಬೋರಲು ಹಾಕಿದಳು:
“ಚೆಲ್ಲಿ ಬಾಚಿದರೂ ಅರ್ಥ ಕೆಡಬಾರದು.
ಸಾಲನ್ನು ನಂಬಬೇಡಿ, ಚೀಟಿ ಬರೆಯಿರಿ.”
ಬರೆದೆ. ಮನೆತನ. ಕರೆಯುವ ಹೆಸರು.
ಕಿವಿ ಬಿಸಿಯಾಗಿತ್ತು.

ಆದರೆ ಹುಡುಗಿ, ಕೆಳಗಿನ ಪುಟ ನೋಡು:
ವಿದೋಶ್ ಅಜ್ಜಿಯ ಎಡಗಣ್ಣು.
ಮೊದಲು ಹನಿ, ಆಮೇಲೆ ಮುಲಾಮು.
ತಿರುವಿದರೆ ಹನಿ ಜಿಡ್ಡಿನ ಮೇಲೆ ಜಾರಿ
ಕೆನ್ನೆಗಿಳಿಯುತ್ತದೆ, ಸುಮ್ಮನೆ ಅತ್ತ ಹಾಗೆ.
“ಒಂದು, ಎರಡು ಎಂದು ನಮೂದಿಸಿ.”
ನಡುವೆ ಇನ್ನೊಂದು ಔಷಧಿ ಬಂದರೆ? ಒಂದೂವರೆಯೆ?
ಅವಳು ನಕ್ಕಳು, ಆಮೇಲೆ ನಗಲಿಲ್ಲ.

ಇನ್ನೂ ಕೆಳಗೆ, ರಾತ್ರಿ ಪಾಳಿಯವರ ಟಿಪ್ಪಣಿ:
ಮಗಳು ಬಂದಳು. ಉಸಿರು ನಿಂತಿತು.
ಇವೆರಡು ಸಾಲನ್ನು ಅದಲುಬದಲು ಮಾಡು,
ಓದು.
ಯಾವ ಚೀಟಿ ಅಂಟಿಸುತ್ತೀಯ ಇದಕ್ಕೆ?

ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿದಳು,
ಹೆಕ್ಕುತ್ತ ಹೆಕ್ಕುತ್ತ ತನಗರಿವಿಲ್ಲದೆ
ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಳು.
ನಾನು ನೋಡಿಯೂ ನೋಡದವಳಾದೆ.

ನಕ್ಷೆ ತಿದ್ದಿ ಮುಗಿದಿದೆ.
ಹೆಸರು ಎತ್ತ ಹೊರಳಿದರೂ ಕೆಡದು;
ಹನಿಗೆ ಅಂಕಿ ಕೊಟ್ಟಿದ್ದೇವೆ, ಹತ್ತು, ಇಪ್ಪತ್ತು, ನಡುವೆ ಜಾಗ ಬಿಟ್ಟು;
ರಾತ್ರಿಯ ಟಿಪ್ಪಣಿಯನ್ನು ಮಾತ್ರ ಮುಟ್ಟಿಲ್ಲ,
ಬರೆದವರು ಬರೆದಂತೆಯೇ.

ಬಡಗಿ ಗುಣವಾಗಿ ಮನೆಗೆ ಹೋದ.
ಈಗಲೂ ತಪಾಸಣೆಗೆ ಬಂದಾಗ
ಯಾವ ಹೆಸರು ಕೂಗಿದರೂ ಎದ್ದು ನಿಲ್ಲುತ್ತಾನೆ,
ಯಾವುದಕ್ಕೂ ಇರಲಿ ಎಂದು.