ಇಪ್ಪತ್ತರಿಂದ ನೂರಕ್ಕೆ

ಹಳೆಯ ಆಟದಲ್ಲಿ ಎಲ್ಲವೂ ಇಪ್ಪತ್ತಕ್ಕೆ.
ಓಟ ಹದಿನೇಳು, ಪಾಸು ಹದಿಮೂರು,
ತಲೆಯಿಂದ ಹೊಡೆಯೋದು ಒಂಬತ್ತು, ಪಾಪ ಕುಳ್ಳ.
ಹೊಸ ಆಟ ನೂರಕ್ಕೆ ಕೇಳುತ್ತದೆ.
ಐದರಿಂದ ಗುಣಿಸಿದರೆ ಮುಗೀತು ಅಂದುಕೊಂಡು
ಆಂಡರ್ಸನ್‌ಪೇಟೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ
ಷಟರ್ ಅರ್ಧ ಇಳಿಸಿ
ರಾತ್ರಿ ಹತ್ತೂವರೆಗೆ ಕೂತೆ.

ಹನ್ನೊಂದು ವರ್ಷದ ಕೆಳಗೆ
ಊರ ಹುಡುಗರನ್ನು ಆಟಕ್ಕೆ ಸೇರಿಸಿದವನು ನಾನೇ.
ಯೂರೋಪಿನ ಕ್ಲಬ್ಬುಗಳ ಪಟ್ಟಿಯ ತೀರಾ ತಳದಲ್ಲಿ
ಊರ್ಗಾಂ ಯುವಕರ ಬಳಗ,
ಅಂಗಿ ಹಳದಿ, ಚಡ್ಡಿ ಕಪ್ಪು,
ಮೈದಾನದ ಗುಣಮಟ್ಟ ಅತಿ ಕಳಪೆ.
ಅದಕ್ಕಿಂತ ಕೆಳಗೆ ಆಯ್ಕೆ ಇರಲಿಲ್ಲ.
ಸೈನೈಡ್ ದಿಬ್ಬದ ದೂಳು ಗಾಳಿಗೆದ್ದು
ಗೋಲಿಯ ಕಣ್ಣಿಗೆ ಬೀಳುವುದನ್ನು
ಯಾವ ಕಾಲಮ್ಮಿಗೆ ಬರೆಯಲಿ?
ಇಪ್ಪತ್ತಮೂರು ಜನ,
ಗಣಿಯ ಸೈರನ್ ನಿಂತ ವರ್ಷ
ಅಂಗನವಾಡಿಗೆ ಸೇರಿದವರು.

ವರ್ಷಕ್ಕೊಂದು ಹೊಸ ಆಟ ಬರುತ್ತದೆ.
ಹಳೆಯ ಕಡತ ತೆರೆದು ಹೊಸದಕ್ಕೆ ಸುರಿಯುತ್ತೇನೆ,
ಬಾಡಿಗೆ ಮನೆ ಬದಲಿಸುವವರು
ಅಕ್ಕಿ ಡಬ್ಬ ತೊಳೆಯದೆ ಒಯ್ಯುವ ಹಾಗೆ.
ಹುಟ್ಟಿದ ದಿನಾಂಕ ತನ್ನ ಪಾಡಿಗೆ ಕೆಲಸ ಮಾಡುತ್ತದೆ.
ಅಂಕಿ, ನಾನು ಮುಟ್ಟುವ ತನಕ, ಇದ್ದಲ್ಲೇ.

ಈ ಸಲ ಬೇರೆ ಕಂಪನಿಯ ಆಟ.
ಕಾಲಮ್ಮುಗಳ ಹೆಸರೇ ಬೇರೆ.
ಹಳೆಯದರಲ್ಲಿ ಎದೆಗಾರಿಕೆ ಅಂತ ಒಂದಿತ್ತು;
ಇನ್ನಾಸಿಮುತ್ತುಗೆ ಹತ್ತೊಂಬತ್ತು ಹಾಕಿದ್ದೆ,
ಇಪ್ಪತ್ತು ಹಾಕಲು ನನ್ನ ಎದೆಗಾರಿಕೆ ಸಾಲದೆ.
ಹೊಸದರಲ್ಲಿ ಅದು ಇಲ್ಲ.
ಆಕ್ರಮಣ ಅಂತ ಇದೆ, ಅದಲ್ಲ.
ದೇಹಬಲ ಇದೆ, ಅದಂತೂ ಅಲ್ಲವೇ ಅಲ್ಲ.
ಹತ್ತೊಂಬತ್ತನ್ನು ಕೈಯಲ್ಲಿ ಹಿಡಿದು
ಚಿಲ್ಲರೆ ಇಲ್ಲ ಅಂದ ಕಂಡಕ್ಟರಿನ ಮುಂದೆ
ನಿಂತವನ ಹಾಗೆ ನಿಂತೆ.

ಓಟ ಹದಿನೇಳು. ಐದರಿಂದ ಗುಣಿಸಿ ಎಂಬತ್ತೈದು.
ಆ ಮೊಣಕಾಲು ಹೋಗಿ ಆರು ವರ್ಷ.
ಬಿಇಎಂಎಲ್ ಗೇಟಿನ ಹತ್ತಿರ, ಬೈಕು, ಎಮ್ಮೆ, ಅಷ್ಟೇ ಕತೆ.
ಆರು ಆಟ ದಾಟಿ ಬಂತು ಹದಿನೇಳು
ಕುಂಟದೆ.
ನಾನು ಇಳಿಸಬೇಕಿತ್ತು. ಪ್ರತಿ ಸಲ
ಕರ್ಸರ್ ಅಲ್ಲಿ ನಿಲ್ಲುತ್ತಿತ್ತು, ಮಿಟುಕುತ್ತಿತ್ತು,
ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ಮರುದಿನ ಅವನೇ ಬಂದ.
ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು,
ಜನನ ಪ್ರಮಾಣಪತ್ರ, ಮೂರು ಪ್ರತಿ.
ಪರದೆಗೆ ಬಗ್ಗಿ ತನ್ನ ಹೆಸರು ಕಂಡ.
"ನಾನಿನ್ನೂ ಆಡ್ತಾ ಇದೀನಾ?"
ಓಟದ ಮೇಲೆ ಕಣ್ಣು ಒಂದು ಗಳಿಗೆ ನಿಂತಿತು.
ಯಂತ್ರ ಎರಡನೇ ಪ್ರತಿ ಉಗುಳಿತು.
ಆಮೇಲೆ ಬೆರಳು ಕೆಳಗೆ ಜಾರಿಸಿ,
"ಎಡಗಾಲು ಐವತ್ತೈದಾ? ಯಾವನೋ ಹಾಕಿದ್ದು?"
ಹನ್ನೊಂದಿತ್ತು ಕಣೋ, ಗುಣಿಸಿದೆ.
"ಹನ್ನೆರಡು! ಮಾರಿಕುಪ್ಪಂ ಮ್ಯಾಚು, ಕಾರ್ನರು,
ಅವರ ಗೋಲಿ ಯೇಸುರಾಜ ಬಾಯಿ ಬಿಟ್ಕೊಂಡು ನಿಂತ.
ಅದು ಎಡಗಾಲು ಮಚ್ಚಾ."
ಅದು ಮೊಣಕಾಲಿಗೆ ತಗುಲಿ ಒಳಗೆ ಹೋದದ್ದು.
ನಾನು ಕಂಬದ ಪಕ್ಕದಲ್ಲೇ ಇದ್ದೆ.
"ಸರಿ, ಮೊಣಕಾಲೇ. ಯಾವ ಮೊಣಕಾಲು?"
ಎಡದ್ದು, ಅಂದೆ.
ಅಂದ ಮೇಲೆ ಇಬ್ಬರೂ ಅದನ್ನೇ ನೋಡಿದೆವು,
ಪ್ಯಾಂಟಿನ ಬಟ್ಟೆ, ಒಳಗೆಲ್ಲೋ ಒಂದು ಸ್ಟೀಲಿನ ಪಟ್ಟಿ.

ಅರವತ್ತು ಒತ್ತಿದೆ.
"ಫಸ್ಟ್ ಕ್ಲಾಸು!" ಅಂದ,
ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೆಂಟಕ್ಕೆ ಪಾಸಾದವನು.
ಆರು ರೂಪಾಯಿ ಎಣಿಸಿ ಗಾಜಿನ ಮೇಲಿಟ್ಟು
ಪ್ರತಿಗಳನ್ನು ಮಡಚದೆ ಹಿಡಿದು
ಮೆಟ್ಟಿಲಿಳಿದ, ಒಂದೊಂದೇ,
ಎಡಗಾಲು ಮೊದಲಿಟ್ಟು.