ತೋಳಿನ ಸುತ್ತು

ಬಲಗೈ ಹೆಬ್ಬೆರಳ ಬುಡ
ಮೂವತ್ತೊಂದು ವರ್ಷ ಕತ್ತರಿಯ ಉಂಗುರದಲ್ಲಿ ದುಡಿದು
ಈಗ ಬೆಳಗ್ಗೆ ಚೊಂಬು ಹಿಡಿಯಲಾರದು.
"ಕತ್ತರಿ ಬಿಟ್ಟುಬಿಡಿ ಫ್ಲೋರಿಯಮ್ಮ" ಎಂದರು ಡಾಕ್ಟರು,
ಬೀಡಿ ಬಿಡಿ ಎನ್ನುವ ಹಾಗೆ.

ಬಿಟ್ಟೆ. ಹೊಲಿಗೆ ಮಿಷನ್ನು ಸಫೂರಳಿಗೆ ಕೊಟ್ಟೆ.
ಕೊಡದೆ ಇಟ್ಟುಕೊಂಡದ್ದು ಒಂದೇ ಮೂಟೆ:
ವಿರಾಜಪೇಟೆ ಹೆಂಗಸರ ರವಿಕೆಗಳಲ್ಲಿ ಮಿಕ್ಕ ಚೂರು.
ಒಂದೊಂದು ಚೂರಿನ ಹೆಸರೂ ಗೊತ್ತು ನನಗೆ,
ಕೆಲವಕ್ಕೆ ಬಾಕಿಯೂ.
ಪುಸ್ತಕ ಮಾಡೋಣ ಅನ್ನಿಸಿತು, ದಪ್ಪ ಕಾಗದದ್ದು,
ಹಾಳೆಗೊಬ್ಬಳು.

ಗಡಿಯಾರ ಕಂಬದ ಹಿಂದೆ, ಮಹಡಿಯ ಮೇಲೆ
ಕಾಗದ, ರಿಬ್ಬನ್ನು, ಮಿಂಚುಪುಡಿಯ ಹೊಸ ಅಂಗಡಿ.
ನಿಹಾದ್ ಎಂಬ ಹುಡುಗ ಎರಡು ಯಂತ್ರ ಮುಂದಿಟ್ಟ.

ಒಂದು ಬಿಳಿ, ಮುಚ್ಚಿದ ಬ್ರೆಡ್ಡಿನ ಡಬ್ಬಿಯಂತೆ.
ಫೋನಿನಲ್ಲಿ ಚಿತ್ರ ತೋರಿಸಿದರೆ ಸಾಕು,
ಅಕ್ಕಿಕಾಳಿನಷ್ಟು ಬ್ಲೇಡು ಒಳಗೇ ಓಡಾಡಿ ಕೊಯ್ಯುತ್ತದಂತೆ.
"ಸಾವಿರ ಡಿಸೈನು ಆಂಟಿ."
"ಕರೆಂಟು ಹೋದರೆ?"
"ಬಂದ ಮೇಲೆ ಕೊಯ್ಯುತ್ತೆ."
ಈ ಮಾತನ್ನು ಜುಲೈಯಲ್ಲಿ ಹೇಳು ಮಗನೇ.
ಕಾಗದ ಅಲುಗದಿರಲು ಒಂದು ಅಂಟುಚಾಪೆ ಬೇರೆ.
ಮಳೆಗಾಲಕ್ಕೆ ನಮ್ಮಲ್ಲಿ ಖಾಲಿ ಲಕೋಟೆಗಳೇ
ತಮ್ಮ ಬಾಯಿ ತಾವು ಮುಚ್ಚಿಕೊಳ್ಳುತ್ತವೆ,
ಈ ಚಾಪೆ ಯಾರನ್ನು ಹಿಡಿದೀತು, ಯಾರನ್ನು ಬಿಟ್ಟೀತು?

ಇನ್ನೊಂದಕ್ಕೆ ಹಿಡಿ. ಒಳಗೆ ಎರಡು ಉರುಳೆ.
ಕೆಳಗೆ ಗಾಜಿನಂಥ ಹಲಗೆ, ಮೇಲೆ ಕಾಗದ,
ಅದರ ಮೇಲೆ ಮಗುಚಿಟ್ಟ ಉಕ್ಕಿನ ಅಚ್ಚು, ಮತ್ತೊಂದು ಹಲಗೆ.
ತಿರುಗಿಸಿದ. ಟಕ್ ಎಂದಿತು.
"ಒಡೀತಾ?"
"ಇಲ್ಲ ಆಂಟಿ, ಅದು ಹಾಗೇ ಮಾತಾಡುತ್ತೆ."
ನನ್ನ ಮೊಣಕಾಲಿನ ಜಾತಿ.

ಅಗಲ ಆರಿಂಚು. ಒಂಬತ್ತರದ್ದೂ ಇದೆ,
ಎತ್ತಿ ನೋಡಿದೆ, ಒಂದು ಹಂದಿಮರಿಯ ತೂಕ.
"ಬಟ್ಟೆ ಕತ್ತರಿಸುತ್ತಾ?"
ಹುಡುಗ ತಲೆ ಕೆರೆದ.
ಈವರೆಗೆ ಯಾರೂ ಕೇಳಿರಲಿಲ್ಲವಂತೆ.

ಚೀಲದಿಂದ ತೆಗೆದೆ ಬೊಳ್ಳವ್ವನ ಕೆಂಪು ರೇಷ್ಮೆ.
ತುಂಬುತೋಳಿನ ಕುಪ್ಪಸ,
ಮದುವೆಯ ಹಿಂದಿನ ರಾತ್ರಿ ಎರಡು ಸಲ ಬಿಚ್ಚಿ ಹೊಲಿದದ್ದು;
ಹೆದರಿಕೆಗೇ ಒಂದು ವಾರದಲ್ಲಿ
ಒಂದೂವರೆ ಇಂಚು ಇಳಿದಿದ್ದಳು ಹುಡುಗಿ.

ಬಿಳಿ ಯಂತ್ರ ರೇಷ್ಮೆಯನ್ನು ಜಗಿದು ಉಗುಳಿತು.
ಹಿಡಿಯದ್ದನ್ನು ನಾನೇ ತಿರುಗಿಸಿದೆ, ಎಡಗೈಯಲ್ಲಿ.
ಒಂದು ಎಲೆ ಕೊಟ್ಟಿತು,
ತುದಿಯಲ್ಲಿ ಒಂದೇ ಎಳೆ ಬಿಡದೆ ಹಿಡಿದುಕೊಂಡು.
ನಿಹಾದ್ ಹಲ್ಲಿನಿಂದ ಕಚ್ಚಲು ಹೋದ, ಕೈ ತಟ್ಟಿದೆ.
ಚೀಲದ ತಳದಲ್ಲಿ ಪುಟ್ಟ ಕತ್ತರಿಯೊಂದಿತ್ತು.
ಡಾಕ್ಟರಿಗೆ ಹೇಳಬೇಡಿ.

ಆರಿಂಚಿನದೇ ಸಾಕು ಎಂದೆ. ಇನ್ನು ಅಚ್ಚು.
ಹೃದಯ, ಚಿಟ್ಟೆ, ಹಿಮದ ಹರಳು, ಜಿಂಕೆ ಎಳೆಯುವ ಬಂಡಿ,
ಯಾವುದೋ ದೇಶದ ಗೋಪುರ.
"ರವಿಕೆ ಇದೆಯಾ?"
ಮಗುವಿನ ಅಂಗಿಯೊಂದಿತ್ತು, ತೋಳೇ ಇಲ್ಲದ್ದು.
ಸರಿ, ಎಲೆಯನ್ನೇ ಕೊಡು,
ಕಾಫಿ ಎಲೆಗೆ ಹತ್ತಿರ ಇದೆ, ಅಂಚು ಮಾತ್ರ ಸುಳ್ಳು.

ಮನೆಗೆ ಬರುವಷ್ಟರಲ್ಲಿ ಕಾಗದ ಮಂಜು ಕುಡಿದು
ಹಳೇ ಹಪ್ಪಳದಂತೆ ಮೆತ್ತಗಾಗಿತ್ತು.
ಸಫೂರ ಇಸ್ತ್ರಿ ಹಾಕಿದಳು ಒಂದೊಂದು ಹಾಳೆಗೂ,
ನಾಳೆ ಉಡುವ ಬಟ್ಟೆಗೆ ಹಾಕುವಷ್ಟು ಜೋಪಾನವಾಗಿ.

ಅಕ್ಕಪಕ್ಕ ಎರಡು ಎಲೆ ಕತ್ತರಿಸಿದೆವು. ಸೊಗಸಾಗಿ ಬಿದ್ದವು.
ನಡುವೆ ಉಳಿದ ರೇಷ್ಮೆಯನ್ನು ಬುಟ್ಟಿಗೆ ಹಾಕಲು ಎತ್ತಿದಳು.
"ತಡಿ."

ದೀಪಕ್ಕೆ ಹಿಡಿದೆ. ಎಲೆಗಳು ಬಿಟ್ಟುಹೋದ ಬಾಗು,
ಮುಂದೆ ಕೊಂಚ ಆಳ, ಹಿಂದೆ ಕಡಿಮೆ,
ಕೆಳಗೆ ಕಂಕುಳಿಗೆ ಹೊರಳುವ ಜಾಗ.
ಅಳತೆಪಟ್ಟಿ ಬೇಕಾಗಲಿಲ್ಲ.

ಅದನ್ನೇ ಅಂಟಿಸಿದೆ ಮೊದಲ ಹಾಳೆಗೆ.
ಎಲೆಗಳನ್ನು ಸಫೂರ ಮಗಳಿಗೆಂದು ಕೊಂಡೊಯ್ದಳು.
ಕೆಳಗೆ ಬರೆದೆ: ಬೊಳ್ಳವ್ವ.
ಬಾಕಿ ನಲವತ್ತು ರೂಪಾಯಿ. ಅದನ್ನೂ ಬರೆದೆ.